ಅರವತ್ತೆಂಟು ಅಂಕದ ಮಣ್ಣು, ನನ್ನ ಗಂಡನ ನಿರ್ಲಕ್ಷ್ಯ

ಜಿಲ್ಲೆಯ ಭೂ ಮೌಲ್ಯಮಾಪನ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಕಳೆದ ಗುರುವಾರ ನಿಮ್ಮ ಗುಮಾಸ್ತರು ಜಿಡೆಲಿಯ ನಮ್ಮ ಮನೆಗೆ ಬಂದು ಒಂದು ಹಾಳೆ ಕೊಟ್ಟುಹೋದರು. ನಾಲ್ಕೇ ಸಾಲಿನ ಹಾಳೆ. ಅದರ ಮೂರನೆಯ ಸಾಲು ಹೀಗಿದೆ: "ಮಣ್ಣು ಹತ್ತಿ ಬೆಳೆಗೆ ಯೋಗ್ಯವೆಂದು ಪ್ರಮಾಣಿತವಾಗಿರುವುದರಿಂದ, ಸತತ ಎರಡು ವರ್ಷ ಇಳುವರಿ ಕುಸಿದಿರುವುದಕ್ಕೆ ದಿವಂಗತ ರೈತ ತೊಲಿಬಾಯ್ ಅವರ ನಿರ್ಲಕ್ಷ್ಯವೇ ಕಾರಣ." ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದೀರಿ. ಫೆಬ್ರವರಿ ಇಪ್ಪತ್ತರೊಳಗೆ ಸಹಿ ಹಾಕಿದರೆ ನಲವತ್ತು ಹೆಕ್ಟೇರ್ ನೆಲದ ಗುತ್ತಿಗೆ ನನ್ನ ಹೆಸರಿಗೆ ಬರುತ್ತದೆ, ಮಣ್ಣಿನ ಮರುಪರೀಕ್ಷೆಯನ್ನೂ ಮಾಡಿಸುತ್ತೀರಿ. ಸಹಿ ಹಾಕದಿದ್ದರೆ ನೆಲ ಜಿಲ್ಲೆಗೆ ವಾಪಸು. ಆ ದಿವಂಗತ ರೈತ ನನ್ನ ಗಂಡ. ನಲವತ್ತೊಂದು ವರ್ಷ ಅವರ ಜೊತೆ ಬಾಳಿದ್ದೇನೆ. ನಿಮ್ಮ ಹಾಳೆಗೆ ನನ್ನ ಉತ್ತರ ಈ ಪತ್ರ.

ನೇರವಾಗಿ ನಿಮಗೇ ಬರೆಯಬಹುದಿತ್ತಲ್ಲ, ಪತ್ರಿಕೆಗೆ ಏಕೆ ಎಂದು ನೀವು ಕೇಳಬಹುದು. ಬರೆದಿದ್ದೆವು, ಮಾನ್ಯರೇ. ನನ್ನ ಗಂಡ ಆರು ಅರ್ಜಿ ಕೊಟ್ಟರು. ಆರಕ್ಕೂ ನಿಮ್ಮ ಕಚೇರಿಯ ಮುದ್ರೆ ಬಿದ್ದಿದೆ. ಮುದ್ರೆ ಒತ್ತುವುದರಲ್ಲಿ ನಿಮ್ಮ ಕಚೇರಿ ಎಂದೂ ನಿರ್ಲಕ್ಷ್ಯ ತೋರಿಲ್ಲ ಎಂಬುದನ್ನು ಸಾರ್ವಜನಿಕವಾಗಿ ಒಪ್ಪಿಕೊಳ್ಳುತ್ತೇನೆ. ಈಗ ಕಾಲ ಬದಲಾಗಿದೆ, ಯಾರು ಬೇಕಾದರೂ ಅಧಿಕಾರಿಗಳನ್ನು ಬಹಿರಂಗವಾಗಿ ಪ್ರಶ್ನಿಸಬಹುದು ಎಂದು ಎರಡು ವರ್ಷದಿಂದ ಟೀವಿಯಲ್ಲಿ ಹೇಳುತ್ತಿದ್ದಾರೆ. ನಿಜವೋ ಸುಳ್ಳೋ, ಪರೀಕ್ಷಿಸಿ ನೋಡುವ ವಯಸ್ಸು ನನಗಾಗಿದೆ.

ನಾನು ಜಿಡೆಲಿಯ ಶಾಲೆಯಲ್ಲಿ ಮೂವತ್ತಮೂರು ವರ್ಷ ಮಕ್ಕಳಿಗೆ ಭಾಷೆ ಕಲಿಸಿದವಳು. ಮಣ್ಣಿನ ವಿಜ್ಞಾನ ಓದಿಲ್ಲ. ಆದರೆ ಅಮುದರ್ಯಾ ನದಿಯ ಈ ಕೊನೆಯ ತುದಿಯಲ್ಲಿ ಹುಟ್ಟಿದವರಿಗೆ ಮಣ್ಣಿನ ಬಗ್ಗೆ ಒಂದಷ್ಟು ಓದದೆಯೇ ಗೊತ್ತಿರುತ್ತದೆ. ನಮ್ಮ ನೆಲದಡಿ ಉಪ್ಪಿದೆ. ಫೆಬ್ರವರಿ ಕೊನೆಗೆ ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಒಡ್ಡು ಕಟ್ಟಿ, ಕಾಲುವೆಯ ನೀರು ತುಂಬಿಸಿ, ಆ ನೀರು ಉಪ್ಪನ್ನು ಕರಗಿಸಿಕೊಂಡು ಕೆಳಗಿಳಿದು ಬಸಿಗಾಲುವೆ ಸೇರುವವರೆಗೆ ಕಾಯುತ್ತೇವೆ. ಅದಾದ ಮೂರು ನಾಲ್ಕು ವಾರ ನೆಲ ಸಿಹಿಯಾಗಿರುತ್ತದೆ. ಬಿಸಿಲೇರಿದಂತೆ ಕೆಳಗಿಳಿದ ಉಪ್ಪು ಮತ್ತೆ ಮೇಲೆ ಬರುತ್ತದೆ. ಜೂನ್ ಹೊತ್ತಿಗೆ ಹೊಲ ಬೆಳ್ಳಗಾಗಿರುತ್ತದೆ. ಇದು ನಮ್ಮೂರಿನ ನಾಲ್ಕನೆಯ ತರಗತಿಯ ಮಗುವಿಗೂ ಗೊತ್ತು. ನಿಮ್ಮ ಕಚೇರಿಯ ವೇಳಾಪಟ್ಟಿಗೆ ಗೊತ್ತಿಲ್ಲ. ಏಕೆಂದರೆ ಮಣ್ಣು ಹತ್ತಿಗೆ ಯೋಗ್ಯವೋ ಅಲ್ಲವೋ ಎಂದು ನೋಡಲು ನಿಮ್ಮ ಸಮೀಕ್ಷಕರು ಬಂದದ್ದು ಮೂರು ವರ್ಷದ ಹಿಂದಿನ ಮಾರ್ಚ್‌ನಲ್ಲಿ, ನಾವು ಉಪ್ಪು ತೊಳೆದ ಒಂಬತ್ತನೆಯ ದಿನ. ನಮ್ಮ ಮಗಳು ಅಯ್ಪರ್ಶಾ ಜಿಲ್ಲಾ ಆಸ್ಪತ್ರೆಯಲ್ಲಿ ದಾದಿ. ಇದನ್ನು ಕೇಳಿ ಅವಳು, "ಮಾತ್ರೆ ಕೊಟ್ಟು ಅರ್ಧ ಗಂಟೆಗೆ ಜ್ವರ ನೋಡಿ, ಇವನಿಗೆ ಕಾಯಿಲೇನೇ ಇಲ್ಲ ಅಂತ ಮನೆಗೆ ಕಳಿಸಿದಂಗಾಯ್ತು ಬಿಡಮ್ಮ" ಎಂದಳು.

ಇಷ್ಟೇ ಆಗಿದ್ದರೆ ತಪ್ಪೆಲ್ಲ ನಿಮ್ಮ ಕಚೇರಿಯದೇ ಎಂದು ಬರೆದು ಮುಗಿಸಿಬಿಡುತ್ತಿದ್ದೆ. ಆದರೆ ಅಂದು ಇನ್ನೂ ಒಂದು ನಡೆಯಿತು. ಅದನ್ನು ಮೂರು ವರ್ಷದಿಂದ ಯಾರಿಗೂ ಹೇಳಿಲ್ಲ.

ನಿಮ್ಮ ಸಮೀಕ್ಷಕರು ಹತ್ತು ಗಂಟೆಗೆ ಜೀಪಿನಲ್ಲಿ ಬಂದಿಳಿದರು. ಒಳ್ಳೆಯ ಮನುಷ್ಯ, ಮೂವತ್ತೈದರ ಆಸುಪಾಸು, ಕೆಮ್ಮು ಹಿಡಿದಿತ್ತು. ನಲವತ್ತು ಹೆಕ್ಟೇರಿಗೆ ಮೂರು ಕಡೆ ಆಳವಾಗಿ ಗುಂಡಿ ತೋಡಿ, ಪದರ ಪದರವಾಗಿ ಮಣ್ಣು ತೆಗೆದು ಚೀಲಗಳಲ್ಲಿ ಕಟ್ಟಿಕೊಳ್ಳಬೇಕು ಎಂದರು. ಎಲ್ಲಿ ತೋಡಲಿ ಎಂದು ಕೇಳಿದರು. ನನ್ನ ಗಂಡ ಹೊಲದ ನಡುಮಧ್ಯಕ್ಕೆ, ಬಸಿಗಾಲುವೆಯ ಪಕ್ಕಕ್ಕೆ ಕೈ ತೋರಿಸಿ, "ಆ ತಗ್ಗು ಕಾಣುತ್ತಲ್ಲ, ಮೊದಲು ಅಲ್ಲಿ ನೋಡಿ. ನಮ್ಮ ನೆಲದ ಕಷ್ಟ ಎಲ್ಲಾ ಅಲ್ಲೇ ಇರೋದು" ಎಂದರು.

ನಾನು ಬಾಗಿಲಲ್ಲೇ ನಿಂತಿದ್ದೆ. "ಅಯ್ಯೋ, ಮನೆಗೆ ಬಂದೋರನ್ನ ಆ ಕೆಸರಿಗೆ ಕಳಿಸ್ತೀರಾ? ಕೆಮ್ಮು ಬೇರೆ ಇದೆ ಪಾಪ. ಇಲ್ಲೇ ತೋಡ್ಲಿ, ಕರಬೂಜದ ಪಾತಿ ಹತ್ರ" ಎಂದೆ.

ಕರಬೂಜದ ಪಾತಿ ಇರುವುದು ಹಳೆಯ ಕುರಿದೊಡ್ಡಿಯ ಜಾಗದಲ್ಲಿ. ನನ್ನ ಮಾವನ ಕಾಲದಿಂದ ನಲವತ್ತು ಚಳಿಗಾಲ ಅಲ್ಲಿ ಕುರಿಗಳು ಮಲಗಿವೆ. ನಮ್ಮಿಡೀ ನೆಲದಲ್ಲಿ ಅದರಷ್ಟು ಎತ್ತರದ, ಅದರಷ್ಟು ಕಪ್ಪು ಮಣ್ಣು ಬೇರೆಲ್ಲೂ ಇಲ್ಲ. ಅಗಲ ಎಂದರೆ ನಮ್ಮ ಶಾಲೆಯ ಅಂಗಳದಷ್ಟು. ಅತಿಥಿ ಬಂದರೆ ಬಾಗಿಲಿಗೆ ಎದುರಾದ, ಮನೆಯ ಅತ್ಯಂತ ಒಳ್ಳೆಯ ಜಾಗದಲ್ಲಿ ಕೂರಿಸುತ್ತೇವೆ. ಇದ್ದುದರಲ್ಲಿ ಒಳ್ಳೆಯ ಹಾಸು ಹಾಸುತ್ತೇವೆ. ಅತಿಥಿ ಮಣ್ಣು ನೋಡಬೇಕೆಂದರೆ ಇದ್ದುದರಲ್ಲಿ ಒಳ್ಳೆಯ ಮಣ್ಣು ತೋರಿಸಿದೆ. ನಿಮಗೆ ನಗು ಬರಬಹುದು. ಅಂದು ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಒಂದೂವರೆ ಮೀಟರ್ ತೋಡಿ, ನೀರಿನ ಮಟ್ಟ ನೋಡಲು ಅದರಡಿಗೆ ಕೊರೆಗೋಲನ್ನೂ ಇಳಿಸಿದರು. ಕಪ್ಪು ಮಣ್ಣು, ಎರೆಹುಳು, ಒಂದು ಚೂರೂ ಬಿಳುಪಿಲ್ಲ. "ಎಂಥಾ ಮಣ್ಣಮ್ಮ ಇದು! ಈ ಜಿಲ್ಲೆಯಲ್ಲೇ ಇಂಥಾದ್ದು ನೋಡಿರ್ಲಿಲ್ಲ" ಎಂದರು. ನನಗೆ ಹಿಗ್ಗೋ ಹಿಗ್ಗು. ಆಮೇಲೆ ಒಳಗೆ ಕರೆದೆ. "ಇನ್ನೂ ಎರಡು ಗುಂಡಿ ಇದೆಯಮ್ಮ" ಎಂದು ಅವರು, "ಗುಂಡಿ ಎಲ್ಲೂ ಓಡಿಹೋಗಲ್ಲ, ಗುರ್ತಿಕ್ ಆರಿಹೋಗುತ್ತೆ" ಎಂದು ನಾನು. ಗುರ್ತಿಕ್ ಎಂದರೆ ಜೋಳದ ಹಿಟ್ಟಿನ ಕಡುಬು, ಕುರಿಮಾಂಸದ ಸಾರಿನಲ್ಲಿ ಬೇಯಿಸಿದ್ದೆ. ಕೆಮ್ಮುವವರಿಗೆ ಆ ಸಾರು ಒಳ್ಳೆಯದು. ಊಟ ಆಯಿತು, ಹಾಲು ಹಾಕಿದ ಚಹಾ ಬಂತು. ನಮ್ಮಲ್ಲಿ ಬಟ್ಟಲಿಗೆ ಅರ್ಧ ಮಾತ್ರ ಚಹಾ ಸುರಿಯುತ್ತೇವೆ, ಇನ್ನೂ ಕೂರಿ ಎಂದು ಅದರ ಅರ್ಥ. ತುಂಬಾ ಸುರಿದರೆ ಎದ್ದು ಹೊರಡಿ ಎಂದ ಹಾಗೆ. ನಾನು ಅಂದು ಎಷ್ಟು ಅರ್ಧ ಬಟ್ಟಲು ಸುರಿದೆನೋ ಲೆಕ್ಕವಿಲ್ಲ. ಮೂರು ಗಂಟೆಯಾಯಿತು, ಹೊರಗೆ ಗಾಳಿ ಎದ್ದಿತು. ಅವರು ಕಿಟಕಿಯತ್ತ ನೋಡಿದರು, ತಮ್ಮ ನಮೂನೆಯತ್ತ ನೋಡಿದರು. ಆಮೇಲೆ ಕೇಳಿದರು.

"ಉಳಿದ ನೆಲಾನೂ ಹೀಗೇನಾ?"

"ಹೀಗೇ" ಎಂದೆ. "ದೇವರ ದಯೆ, ಎಲ್ಲಾ ಹೀಗೇ."

ನನ್ನ ಗಂಡನ ಕೈಯಲ್ಲಿದ್ದ ಬಟ್ಟಲು ಬಾಯಿಯ ಹತ್ತಿರ ನಿಂತಿತು. ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಸುಮ್ಮನಿರಿ ಎಂದೆ. ತಿನ್ನುವ ರೊಟ್ಟಿಯನ್ನು, ಸಾಕಿದ ದನವನ್ನು, ಉಳುವ ನೆಲವನ್ನು ಅತಿಥಿಯ ಎದುರು ಹಳಿಯಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ಹಳಿದರೆ ಇರುವುದೂ ಹೋಗುತ್ತದೆ ಎಂಬ ಹೆದರಿಕೆ ನಮಗೆ. ನನ್ನ ಗಂಡ ಬಟ್ಟಲು ಕೆಳಗಿಟ್ಟರು. ನಿಮ್ಮ ಸಮೀಕ್ಷಕರು ನಮ್ಮ ಊಟದ ಹಾಸಿನ ಮೇಲೆಯೇ ನಮೂನೆ ಬಿಡಿಸಿ, ಎರಡನೆಯ ಗುಂಡಿಯನ್ನೂ ಮೂರನೆಯ ಗುಂಡಿಯನ್ನೂ ಪೆನ್ನಿನಲ್ಲಿ ತೋಡಿದರು.

ಆ ವರ್ಷ ಅಕ್ಟೋಬರ್‌ನಲ್ಲಿ ನಿಮ್ಮ ಕಚೇರಿಯಿಂದ ಪ್ರಮಾಣಪತ್ರ ಬಂತು. ನೂರಕ್ಕೆ ಅರವತ್ತೆಂಟು! ನಮ್ಮ ಶಾಲೆಗಳಲ್ಲಿ ಐದು ಎಂದರೆ ಅತಿ ಹೆಚ್ಚಿನ ಅಂಕ. ಜೀವನವಿಡೀ ಐದರೊಳಗೇ ಎಣಿಸಿದ ನನಗೆ ಅರವತ್ತೆಂಟು ಎಂಬುದು ಕಣ್ಣು ಕುಕ್ಕುವಷ್ಟು ದೊಡ್ಡದಾಗಿ ಕಂಡಿತು. ಪ್ರಮಾಣಪತ್ರವನ್ನು ನೆರೆಹೊರೆಯವರಿಗೆಲ್ಲ ತೋರಿಸಿದೆ. ನನ್ನ ಮೈದುನ ಸರ್ಸೆನ್‌ಬಾಯ್‌ನ ನೆಲ ನಮ್ಮ ನೆಲಕ್ಕೆ ಅಂಟಿಕೊಂಡೇ ಇದೆ, ನಡುವೆ ಒಂದು ಬದು ಅಷ್ಟೆ. ಅವನ ನೆಲಕ್ಕೆ ಮೂವತ್ತೊಂದು ಬಂದಿತ್ತು. ಅವನ ಹೆಂಡತಿ ಆ ವಾರ ತವರಿಗೆ ಹೋಗಿದ್ದಳು, ಮನೆಯಲ್ಲಿ ಚಹಾ ಕೊಡುವವರೂ ಇರಲಿಲ್ಲ. ಸಮೀಕ್ಷಕರು ನಿಂತ ಕಾಲಲ್ಲಿ ಮೂರೂ ಗುಂಡಿ ತೋಡಿಕೊಂಡು ಹೋಗಿದ್ದರು.

"ನೋಡಿ ಅತ್ತಿಗೆ, ಟೀಚರಮ್ಮನ ಮಣ್ಣು ಪಾಸಾಯ್ತು, ನನ್ನ ಮಣ್ಣು ಡುಮ್ಕಿ. ನಂದು ಶಾಲೆ ಕಡೆ ತಲೆ ಹಾಕೇ ಇಲ್ಲ ಅನ್ಸುತ್ತೆ" ಎಂದು ಅವನು ಎಲ್ಲರೆದುರು ನಕ್ಕ. ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ. ಪ್ರಮಾಣಪತ್ರವನ್ನು ಮಡಿಸಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಕುರಿಗಳಿಗೆ ನೀರು ಇಡಲು ಹೋದರು. ಡಿಸೆಂಬರ್‌ನಲ್ಲಿ ಬೆಳೆ ನಕ್ಷೆ ಬಂತು. ಮೂವತ್ತೊಂದು ಅಂಕದ ಸರ್ಸೆನ್‌ಬಾಯ್ ಜೋಳ, ಕುದುರೆಮೆಂತೆ ಏನು ಬೇಕಾದರೂ ಬೆಳೆದುಕೊಳ್ಳಬಹುದು. ಅರವತ್ತೆಂಟು ಅಂಕದ ನಾವು ನಲವತ್ತೂ ಹೆಕ್ಟೇರಿಗೆ ಹತ್ತಿ ಬಿತ್ತಬೇಕು, ಹೆಕ್ಟೇರಿಗೆ ಇಪ್ಪತ್ತೇಳು ಕ್ವಿಂಟಲ್ ಸರ್ಕಾರಕ್ಕೆ ಒಪ್ಪಿಸಬೇಕು. ಜಾಣ ವಿದ್ಯಾರ್ಥಿಗೆ ಇಂಥ ಬಹುಮಾನ ಕೊಡುವ ಶಾಲೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ತಗ್ಗಿನಲ್ಲಿ ಮೇವಿಗೆಂದು ಹಾಕಿ, ಮೂರು ವರ್ಷದಿಂದ ಬೇರು ಬಿಟ್ಟಿದ್ದ ಕುದುರೆಮೆಂತೆಯನ್ನು ಉತ್ತು ಮಗುಚಿದೆವು. ಆ ಬೇರುಗಳೇ ನಮ್ಮ ತಗ್ಗಿನ ಉಪ್ಪನ್ನು ಮೇಲೆ ಬರದಂತೆ ಹಿಡಿದಿಟ್ಟಿದ್ದವು ಎಂದು ನನ್ನ ಗಂಡ ಹೇಳುತ್ತಲೇ ಇದ್ದರು. ಏಪ್ರಿಲ್‌ನಲ್ಲಿ ಬಿತ್ತಿದೆವು, ಅಲ್ಲೊಂದು ಇಲ್ಲೊಂದು ಮೊಳೆಯಿತು. ಮತ್ತೆ ಬಿತ್ತಿದೆವು. ಮೇ ತಿಂಗಳಲ್ಲಿ ಮೂರನೆಯ ಸಲ ಬಿತ್ತಿದೆವು. ಜೂನ್‌ನಲ್ಲಿ ಮೊದಲ ನೀರು ಹಾಯಿಸಿದ ಮೇಲೆ ತಗ್ಗೆಲ್ಲ ಬೆಳ್ಳಗಾಯಿತು. ಗೇಣುದ್ದದ ಗಿಡಗಳು ಎಲೆಯಂಚು ಸುಟ್ಟುಕೊಂಡು ನಿಂತವು. ಆ ವರ್ಷ ಹೆಕ್ಟೇರಿಗೆ ಒಂಬತ್ತು ಕ್ವಿಂಟಲ್ ಬಂತು. ಹತ್ತಿ ಹತ್ತಿಯ ಹಾಗೆ ಬೆಳೆದದ್ದು ಎಲ್ಲಿ ಎಂದು ನೀವೇ ಊಹಿಸಬಹುದು. ಕುರಿದೊಡ್ಡಿಯ ಸುತ್ತ ಗಿಡ ನನ್ನ ಎದೆಯೆತ್ತರ ಬಂದಿತ್ತು.

ಆ ಬೇಸಿಗೆ ನಾವಿಬ್ಬರೂ ನಿಮ್ಮ ಕಚೇರಿಗೆ ಬಂದಿದ್ದೆವು. ನಿಮಗೆ ನೆನಪಿದೆಯೇ? ದಿನಕ್ಕೆ ಎಷ್ಟೋ ಜನ ಬರುತ್ತಾರೆ, ನೆನಪಿಲ್ಲದಿರಬಹುದು. ನನ್ನ ಗಂಡ ಕರವಸ್ತ್ರದಲ್ಲಿ ಒಂದು ಬೊಗಸೆ ಮಣ್ಣು ಕಟ್ಟಿಕೊಂಡು ಬಂದಿದ್ದರು. ನಿಮ್ಮ ಮೇಜಿನ ಮೇಲೆ ಗಂಟು ಬಿಚ್ಚಿದರು.

"ಏನಿದು ಹಿರಿಯರೇ? ಫೈಲುಗಳಿವೆ ಇಲ್ಲಿ."

"ಜೂನ್ ತಿಂಗಳ ಮಣ್ಣು ಸಾಹೇಬ್ರೆ. ನಿಮ್ಮೋರು ನೋಡಿದ್ದು ಮಾರ್ಚ್‌ದು. ಒಂಚೂರು ನಾಲಿಗೆ ಮೇಲಿಟ್ಟು ನೋಡಿ, ನಾನು ಹೇಳೋದೇ ಬೇಡ." ಹೀಗೆಂದು ತಾವೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಬಿತ್ತುವ ಮುಂಚೆ ಮಣ್ಣಿನ ರುಚಿ ನೋಡುವುದು ನಮ್ಮ ಹಿರಿಯರು ಮಾಡಿಕೊಂಡು ಬಂದದ್ದು. ನನ್ನ ಗಂಡನ ನಾಲಿಗೆಯನ್ನು ಊರೆಲ್ಲ ನಂಬುತ್ತಿತ್ತು. ಯಾರ ಹೊಲಕ್ಕೆ ಇನ್ನೊಂದು ನೀರು ಬೇಕು, ಯಾರು ಬಿತ್ತಬಹುದು ಎಂದು ಕೇಳಲು ಪ್ರತಿ ವರ್ಷ ಜನ ಮನೆ ಬಾಗಿಲಿಗೆ ಮಣ್ಣು ತರುತ್ತಿದ್ದರು.

ನೀವು ಕುರ್ಚಿ ಹಿಂದಕ್ಕೆ ತಳ್ಳಿ ನಕ್ಕಿರಿ. "ನಾಲಿಗೆ ಪ್ರಯೋಗಾಲಯ ಅಲ್ಲ ಹಿರಿಯರೇ."

"ಹಾಗಾದ್ರೆ ಪ್ರಯೋಗಾಲಯಕ್ಕೇ ಕಳಿಸಿ. ಬೇಡ ಅಂದೋರು ಯಾರು?"

"ಕಳಿಸ್ಬೇಕಾದ್ರೆ ಮರುಪರೀಕ್ಷೆಗೆ ಆದೇಶ ಆಗ್ಬೇಕು. ಆದೇಶ ಆಗ್ಬೇಕಾದ್ರೆ ಮಣ್ಣು ಸರಿ ಇಲ್ಲ ಅಂತ ದಾಖಲೆ ಬೇಕು. ನಿಮ್ಮ ದಾಖಲೇಲಿ ಅರವತ್ತೆಂಟು ಅಂತಿದೆ, ಚೆನ್ನಾಗಿದೆ. ನಕ್ಷೆ ಏನು ನಿಮ್ಮನೆ ಕೌದಿನಾ, ಬೇಕಾದಾಗ ಬಿಚ್ಚಿ ಬೇಕಾದಂಗೆ ಹೊಲಿಯೋಕೆ?"

ನನ್ನ ಗಂಡ ಮಣ್ಣನ್ನು ಮತ್ತೆ ಗಂಟು ಕಟ್ಟಿದರು. ಮೇಜಿನ ಮೇಲೆ ಚೆಲ್ಲಿದ್ದನ್ನು ತಮ್ಮ ತೋಳಿನಿಂದ ಒರೆಸಿ, "ಕ್ಷಮಿಸಿ, ನಿಮ್ಮ ಮೇಜು ಕೊಳೆ ಮಾಡಿದೆ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ಮಾನ್ಯರೇ. ಅಂದು ಬಾಯಿ ಬಿಡಬೇಕಿತ್ತು. ಸ್ವಾಮಿ, ಆ ದಿನ ತೋಡಿದ್ದು ಒಂದೇ ಗುಂಡಿ, ಅದೂ ಕುರಿದೊಡ್ಡಿಯಲ್ಲಿ, ಉಳಿದ ಎರಡಕ್ಕೆ ಹೀಗೇ ಎಂದವಳು ನಾನು ಎಂದು ಹೇಳಿದ್ದರೆ ನಿಮಗೆ ಬೇಕಿದ್ದ ದಾಖಲೆ ಅಲ್ಲೇ ಸಿಗುತ್ತಿತ್ತು. ಹೇಳಲಿಲ್ಲ. ಮೂವತ್ತಮೂರು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದ ಟೀಚರಿಗೆ ಅಧಿಕಾರಿಯ ಮುಂದೆ ಸುಳ್ಳು ಒಪ್ಪಿಕೊಳ್ಳಲು ನಾಚಿಕೆಯಾಯಿತು. ನನ್ನ ಗಂಡನೂ ನನ್ನನ್ನು ತೋರಿಸಿಕೊಡಲಿಲ್ಲ. ನನ್ನ ಕಡೆ ಒಮ್ಮೆ ನೋಡಲೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟರು.

ಆಮೇಲೆ ಆ ನಮೂನೆಯ ಪ್ರತಿ ನನ್ನ ಕೈಗೆ ಬಂತು. ಮಗಳು ಎರಡು ತಿಂಗಳು ಓಡಾಡಿ ತೆಗೆಸಿಕೊಟ್ಟಳು. ಮೂರು ಗುಂಡಿಗೂ ಒಂದೇ ಆಳ, ಒಂದೇ ಬಣ್ಣ, ಒಂದೇ ಉಪ್ಪಿನ ಪ್ರಮಾಣ. ಬಿಂದುವಿನ ನಂತರದ ಅಂಕಿಯೂ ಒಂದೇ. ತಗ್ಗಿನಲ್ಲಿರುವ ಗುಂಡಿಗೂ ದಿಬ್ಬದಲ್ಲಿರುವ ಗುಂಡಿಗೂ ಅಂತರ್ಜಲ ಒಂದೇ ಮಟ್ಟದಲ್ಲಿದೆ! ಮೂರು ಮಕ್ಕಳ ಉತ್ತರಪತ್ರಿಕೆ ಅಕ್ಷರ ಬಿಡದೆ ಒಂದೇ ಥರ ಇದ್ದರೆ ನಾನು ಮೂವರನ್ನೂ ಎದ್ದು ನಿಲ್ಲಿಸುತ್ತಿದ್ದೆ. ನಿಮ್ಮ ಕಚೇರಿಯಲ್ಲಿ ಅದಕ್ಕೆ ನಾಲ್ಕು ಜನ ಸಹಿ ಹಾಕಿದ್ದಾರೆ, ಕೊನೆಯ ಸಹಿ ನಿಮ್ಮದು. ಒಬ್ಬರಿಗೂ ಅನುಮಾನ ಬರಲಿಲ್ಲವೇ? ಅಥವಾ ಯಾರೂ ಓದಲೇ ಇಲ್ಲವೇ? ಓದದೆ ಸಹಿ ಹಾಕುವುದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ? ನಿರ್ಲಕ್ಷ್ಯ ಎಂಬ ಪದ ನನ್ನ ಗಂಡನಿಗಾಗಿ ಖರ್ಚಾಗಿಹೋಗಿದ್ದರೆ ಬೇರೊಂದು ಪದ ಹುಡುಕಿಕೊಡುತ್ತೇನೆ, ಭಾಷೆ ಕಲಿಸುವುದು ನನ್ನ ಕೆಲಸವಾಗಿತ್ತು.

ಈಗ ನಿರ್ಲಕ್ಷ್ಯದ ಎರಡನೆಯ ವರ್ಷಕ್ಕೆ ಬರುತ್ತೇನೆ. ನನ್ನ ಗಂಡನಿಗೆ ಆಗ ಅರವತ್ತಾರು. ನೀರು ಹಾಯಿಸಿ ಒಣಗಿದ ಮೇಲೆ ಚೌಳು ನೆಲದ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಮೊಳಕೆ ಅದನ್ನು ಒಡೆದುಕೊಂಡು ಬರಲಾರದು. ಯಂತ್ರ ಹಾಯಿಸಿದರೆ ಇರುವ ಮೊಳಕೆಯೂ ಹೋಗುತ್ತದೆ. ಅವರು ದಿನಾ ಬೆಳಿಗ್ಗೆ ಐದಕ್ಕೆ ಸಣ್ಣ ಗುದ್ದಲಿ ಹಿಡಿದು ಹೋಗಿ, ಒಂದೊಂದೇ ಮೊಳಕೆಯ ಸುತ್ತ ಆ ಪದರವನ್ನು ಒಡೆಯುತ್ತಿದ್ದರು. ನಲವತ್ತು ಹೆಕ್ಟೇರ್! ಹುಚ್ಚು ಎಂದು ಊರವರು ಅಂದರು. ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ದಿನ ನನಗೆ ತಡೆಯಲಾಗಲಿಲ್ಲ, ಗುದ್ದಲಿ ಎಸೆದು ಬದುವಿನ ಮೇಲೆ ಕೂತುಬಿಟ್ಟೆ.

"ಇದೆಲ್ಲಾ ನನ್ನ ಬಾಯಿಂದ ಆಗಿದ್ದು. ಒಂದ್ಸಲನಾದ್ರೂ ಬೈದುಬಿಡಿ ನನ್ನ" ಎಂದೆ.

ಅವರು ಬಾಗಿದಲ್ಲಿಂದ ಏಳಲಿಲ್ಲ. "ಏನು ಹೇಳ್ಬೇಕಿತ್ತು ನೀನು? ನಮ್ಮ ಮಣ್ಣು ಕೆಟ್ಟದ್ದು, ರೊಟ್ಟಿ ತಿಂದು ಹೋಗಿ ಅಂತ್ಲಾ? ನಮ್ಮಮ್ಮ ಇದ್ದಿದ್ರೂ ನೀನು ಹೇಳಿದ್ದನ್ನೇ ಹೇಳ್ತಿದ್ಲು. ಎದ್ದೇಳು ಟೀಚರಮ್ಮ, ಬಿಸಿಲೇರುತ್ತೆ."

ಜುಲೈ ಹದಿನಾಲ್ಕರಂದು ಹನ್ನೊಂದು ಗಂಟೆಗೆ ಚಹಾ ತೆಗೆದುಕೊಂಡು ಹೋದಾಗ ಅವರು ತಗ್ಗಿನ ಸಾಲಿನಲ್ಲಿ ಮಂಡಿಯೂರಿ ಮುಂದಕ್ಕೆ ಬಾಗಿದ್ದರು. ನಮಾಜು ಮಾಡುತ್ತಿದ್ದಾರೆ ಎಂದುಕೊಂಡು ಸ್ವಲ್ಪ ಹೊತ್ತು ದೂರದಲ್ಲೇ ನಿಂತೆ. ಆ ಹೊತ್ತಿನಲ್ಲಿ ಯಾವ ನಮಾಜೂ ಇಲ್ಲ ಎಂದು ಹೊಳೆಯಲು ನನಗೆ ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ವೈದ್ಯರು ಹೃದಯ ನಿಂತಿದೆ ಎಂದು ಬರೆದರು. ನೀವು ಅವರನ್ನು ಕೊಂದಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದಾದರೆ ಆ ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೆಯಬೇಕಾಗುತ್ತದೆ.

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಸರ್ಸೆನ್‌ಬಾಯ್ ಬಂದು ಹೇಳಿದ. ಹಿರಿಯರು ನೋಡಿ ಆರಿಸಿದ, ಊರಿಗೇ ಎತ್ತರವಾದ ಆ ದಿಬ್ಬದಲ್ಲಿ ಕೂಡ ಎದೆಮಟ್ಟ ತೋಡುವಷ್ಟರಲ್ಲಿ ನೀರು ಜಿನುಗಿತಂತೆ. ಅದನ್ನು ಮುಚ್ಚಿ ಇನ್ನೂ ಮೇಲೆ ಬೇರೊಂದು ಗುಂಡಿ ತೋಡಿದರಂತೆ. ನಿಮ್ಮ ನಮೂನೆಯ ಪ್ರಕಾರ ನಮ್ಮ ತಗ್ಗಿನಲ್ಲೂ ಅಂತರ್ಜಲ ಎರಡೂವರೆ ಮೀಟರ್ ಕೆಳಗಿದೆ. ನಿಮ್ಮ ಇಲಾಖೆಗೆ ಉಪಯೋಗವಾಗಬಹುದು ಎಂದು ಈ ಮಾಹಿತಿಯನ್ನು ಉಚಿತವಾಗಿ ಕೊಡುತ್ತಿದ್ದೇನೆ.

ನವೆಂಬರ್‌ನಲ್ಲಿ ಜಿಲ್ಲಾ ಕೇಂದ್ರದ ಚೌಕದಲ್ಲಿ ಫಲಕ ಹಾಕಿದಿರಿ, ನಿರ್ಲಕ್ಷ್ಯ ತೋರಿದ ರೈತರು ಎಂದು. ಹನ್ನೊಂದು ಹೆಸರು, ಏಳನೆಯದು ಅವರದು. ನನ್ನ ಮಗಳು ದಿನಾ ಅದೇ ಚೌಕ ದಾಟಿ ಆಸ್ಪತ್ರೆಗೆ ಹೋಗುತ್ತಾಳೆ. ಮೊದಲ ವಾರ ಫಲಕದ ಎದುರು ನಿಂತು ಅತ್ತಳಂತೆ. ಈಗ ಮಾರುಕಟ್ಟೆಯ ಹಿಂಬದಿಯಿಂದ ಸುತ್ತು ಹಾಕಿಕೊಂಡು ಹೋಗುತ್ತಾಳೆ. ಅಪ್ಪನ ಹೆಸರು ಕಂಡರೆ ದಾರಿ ಬದಲಿಸುವ ಹಾಗೆ ನನ್ನ ಮಗಳನ್ನು ಮಾಡಿದ್ದೀರಲ್ಲ, ಅದನ್ನು ಮಾತ್ರ ನಾನು ಯಾವ ಲೋಕದಲ್ಲೂ ಕ್ಷಮಿಸಲಾರೆ.

ಇನ್ನು ನಿಮ್ಮ ಹಾಳೆ. ನಿಮ್ಮ ಗುಮಾಸ್ತರು ಕೆಟ್ಟವರೇನಲ್ಲ. ಚಹಾ ಬೇಡ ಎಂದರು, ನಾನೂ ಒತ್ತಾಯಿಸಲಿಲ್ಲ. ನಮ್ಮ ಮನೆಗೆ ಬಂದವರೊಬ್ಬರು ಏನೂ ಕುಡಿಯದೆ ಹೋದದ್ದು ಅದೇ ಮೊದಲು. "ಅಮ್ಮ, ಸಾಹೇಬರು ನಿಮಗೆ ಒಳ್ಳೇದೇ ಮಾಡ್ತಿದ್ದಾರೆ" ಎಂದು ವಿವರಿಸಿದರು. ಮಣ್ಣು ಕೆಟ್ಟದ್ದು ಎಂದು ಒಪ್ಪಿಕೊಂಡರೆ ಹಳೆಯ ಸಮೀಕ್ಷೆ ತಪ್ಪೆಂದಾಗುತ್ತದೆ, ಸಹಿ ಹಾಕಿದವರೆಲ್ಲ ಉತ್ತರ ಕೊಡಬೇಕಾಗುತ್ತದೆ. ಅದರ ಬದಲು ತಪ್ಪು ತೀರಿಕೊಂಡವರದು ಎಂದರೆ ಯಾರಿಗೂ ತೊಂದರೆಯಿಲ್ಲ. ತೀರಿಕೊಂಡವರನ್ನು ಯಾರು ಏನು ಮಾಡಲಾದೀತು? ಆಮೇಲೆ ಸದ್ದಿಲ್ಲದೆ ಹೊಸ ಸಮೀಕ್ಷೆ, ಕಡಿಮೆ ಅಂಕ, ನನ್ನ ಹೆಸರಿಗೆ ನೆಲ, ಹತ್ತಿಯಿಂದ ಬಿಡುಗಡೆ. ಎಷ್ಟು ಅಚ್ಚುಕಟ್ಟಾದ ಏರ್ಪಾಡು! ಮೂರು ವರ್ಷದಲ್ಲಿ ನಿಮ್ಮ ಕಚೇರಿ ಇಷ್ಟು ಬುದ್ಧಿ ಉಪಯೋಗಿಸಿ ಮಾಡಿದ ಕೆಲಸ ಇದೊಂದೇ.

ಸರ್ಸೆನ್‌ಬಾಯ್ ಸಹಿ ಹಾಕಿ ಎನ್ನುತ್ತಾನೆ. ಮೂರು ದಿನದಿಂದ ಬಂದು ಕೂತು ಅದನ್ನೇ ಹೇಳುತ್ತಿದ್ದಾನೆ.

"ಅಣ್ಣ ಬಂದು ಆ ಹಾಳೆ ಓದ್ತಾನಾ ಅತ್ತಿಗೆ? ಒಂದು ಸಾಲು. ಹಾಕ್ಬಿಡಿ. ನೆಲ ಉಳಿಯುತ್ತೆ."

"ಅವರು ನಿರ್ಲಕ್ಷ್ಯ ಮಾಡಿದ್ರಾ? ನೀನೇ ಹೇಳು, ಬದುವಿನಾಚೆಯಿಂದ ದಿನಾ ನೋಡ್ತಿದ್ದೆಯಲ್ಲ."

"ಅಯ್ಯೋ, ಅವನಂಗೆ ಗೇಯ್ದೋರು ಈ ಜಿಲ್ಲೇಲಿ ಯಾರಿದ್ದಾರೆ? ಅದು ನಮಗೆ ಗೊತ್ತು, ಸಾಕಲ್ವಾ? ಅವನೇ ಇದ್ದಿದ್ರೆ ಏನ್ ಮಾಡ್ತಿದ್ದ ಹೇಳಿ. ಪೆನ್ನು ಕೊಡು ಇತ್ಲಾಗೆ ಅಂತ ನಗ್ತಾ ತಾನೇ ಸಹಿ ಹಾಕ್ತಿದ್ದ."

ಅವನು ಹೇಳಿದ್ದು ನಿಜ. ನನಗಾಗಿ, ಮಗಳಿಗಾಗಿ ಅವರು ಖಂಡಿತ ಹಾಕುತ್ತಿದ್ದರು. ಆ ಮಧ್ಯಾಹ್ನ ನನ್ನ ಸುಳ್ಳನ್ನು ಹೇಗೆ ನುಂಗಿಕೊಂಡರೋ, ನಿಮ್ಮ ಮೇಜಿನೆದುರು ಹೇಗೆ ನುಂಗಿಕೊಂಡರೋ, ಇದನ್ನೂ ಹಾಗೆಯೇ ನುಂಗಿಕೊಳ್ಳುತ್ತಿದ್ದರು. ಸರ್ಸೆನ್‌ಬಾಯ್ ಹೋದ ಮೇಲೆ ಒಬ್ಬಳೇ ಕೂತು ತುಂಬಾ ಅತ್ತೆ. ಒಮ್ಮೆ ಪೆನ್ನು ತೆಗೆದುಕೊಂಡೂ ಇದ್ದೆ, ಸುಳ್ಳೇಕೆ ಹೇಳಲಿ. ನಲವತ್ತೊಂದು ವರ್ಷ ಬಾಳಿದ ಜಾಗ, ಬಿಟ್ಟು ಎಲ್ಲಿಗೆ ಹೋಗಲಿ? ಆದರೆ ನನ್ನ ಬಾಯಿ ತಪ್ಪಿದ್ದಕ್ಕೆ ಅವರು ಎರಡು ವರ್ಷ ಬಾಗಿ ಗೇಯ್ದರು. ಈಗ ನನ್ನ ಕೈಯಿಂದಲೂ ಅವರ ಮೇಲೆ ತಪ್ಪು ಬರೆಯಿಸುತ್ತೀರಾ? ಅದು ನನ್ನಿಂದಾಗದು.

ನೆಲ ತೆಗೆದುಕೊಳ್ಳಿ, ಮಾನ್ಯರೇ. ಇಪ್ಪತ್ತನೆಯ ತಾರೀಖಿನವರೆಗೂ ಕಾಯಬೇಡಿ. ಅಲ್ಲಿ ಒಂದು ಗೇಣು ನೆಲವನ್ನೂ ನಾನು ಕೇಳುವುದಿಲ್ಲ. ಮಗಳ ಮನೆಯಲ್ಲಿ ನನಗೊಂದು ಮಂಚ ಹಾಕುವಷ್ಟು ಜಾಗ ಇದೆ. ಅದಕ್ಕೆ ಬದಲಾಗಿ ನಾನು ಕೇಳುವುದು ಇಷ್ಟು. ಆ ಮೂರನೆಯ ಸಾಲನ್ನು ಹೊಡೆದುಹಾಕಿ. ಮಣ್ಣು ಹತ್ತಿಗೆ ಯೋಗ್ಯವಲ್ಲ, ಎಂದೂ ಆಗಿರಲಿಲ್ಲ ಎಂದು ಬರೆಯಿರಿ. ಕಾರಣದ ಜಾಗ ಖಾಲಿ ಬಿಡಲು ನಿಮ್ಮ ನಿಯಮ ಒಪ್ಪದಿದ್ದರೆ, ಸಮೀಕ್ಷಕರಿಗೆ ರೈತನ ಹೆಂಡತಿ ಸುಳ್ಳು ಹೇಳಿದಳು, ಕಚೇರಿಯ ನಾಲ್ವರು ಓದದೆ ಸಹಿ ಹಾಕಿದರು ಎಂದು ಬರೆಯಿರಿ. ಅದರ ಕೆಳಗೆ ನಾನು ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ಫಲಕದಲ್ಲಿ ಏಳನೆಯ ಹೆಸರು ಅಳಿಸಿ ನನ್ನದನ್ನು ಬರೆಯಿರಿ, ನನ್ನ ಮಗಳು ನೇರ ದಾರಿಯಲ್ಲಿ ಕೆಲಸಕ್ಕೆ ಹೋಗಲಿ. ಈ ನೆಲವನ್ನು ಮುಂದೆ ಯಾರಿಗೆ ಕೊಡುತ್ತೀರೋ, ಕೊಡುವ ಮುಂಚೆ ಆಗಸ್ಟ್‌ನಲ್ಲಿ ಒಬ್ಬರನ್ನು ಕಳಿಸಿ. ಬಸಿಗಾಲುವೆಯ ಪಕ್ಕದ ತಗ್ಗಿನಲ್ಲಿ ತೋಡಲಿ. ದಾರಿ ಗೊತ್ತಾಗದಿದ್ದರೆ ಜಿಲ್ಲಾ ಕೇಂದ್ರದಿಂದ ಬಸ್ಸು ಹತ್ತಿ ನಾನೇ ಬರುತ್ತೇನೆ. ತೋಡುವವರ ಪಕ್ಕದಲ್ಲಿ ನಿಂತು, ಇದು ಕೆಟ್ಟ ಮಣ್ಣು, ಇದರಲ್ಲಿ ನನ್ನ ಗಂಡನಂಥವರಿಗೂ ಹತ್ತಿ ಬೆಳೆಯಲಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುತ್ತೇನೆ.

ಇಂತಿ,
ಹೇಳಬೇಕಾದದ್ದನ್ನು ಮೂರು ವರ್ಷ ತಡವಾಗಿ ಹೇಳುತ್ತಿರುವ
ತಾಜಾಗುಲ್,
ತೊಲಿಬಾಯ್ ಅವರ ಹೆಂಡತಿ, ನಿವೃತ್ತ ಶಿಕ್ಷಕಿ, ಜಿಡೆಲಿ